ಅತ್ತೆಯವರ ಪೂಜೆಗೆ ಒಂದು ತುಂಡು ಕಲ್ಲು

ಅತ್ತೆಯವರ ಬಲಮಂಡಿಯ ಆಪರೇಷನ್ ಮುಗಿಸಿ ಮನೆಗೆ ಕರೆತಂದ ದಿನ ಡಾಕ್ಟರು ಕೊಟ್ಟ ಚೀಟಿಯನ್ನು ನಾನು ಜೋರಾಗಿ ಓದಿ ಹೇಳಿದೆ. ನೆಲದ ಮೇಲೆ ಕೂರಬಾರದು. ಚಕ್ಕಳಮಕ್ಕಳ ಹಾಕಬಾರದು. ಕುಕ್ಕರಗಾಲಿನಲ್ಲಿ ಕೂರಬಾರದು. ಅತ್ತೆಯವರು ಮೊದಲನೆಯದನ್ನು ಕೇಳಿದವರೇ ಕಣ್ಣು ಮುಚ್ಚಿಕೊಂಡರು. ಉಳಿದದ್ದು ಅವರ ಕಿವಿಗೆ ಬಿತ್ತೋ ಇಲ್ಲವೋ ಗೊತ್ತಿಲ್ಲ.

ನಾವು ಬಾಗಲಕೋಟೆ ಕಡೆಯವರು, ಮುಂಬೈ ಹತ್ತಿರದ ಡೊಂಬಿವಲಿಗೆ ಬಂದು ಇಪ್ಪತ್ತು ವರ್ಷ ದಾಟಿತು. ಅತ್ತೆಯವರು ಕೊರಳಲ್ಲಿ ಲಿಂಗ ಕಟ್ಟಿಕೊಂಡವರು. ಬೆಳಿಗ್ಗೆ ಸ್ನಾನ ಮಾಡಿ, ಮಣೆ ಹಾಕಿಕೊಂಡು ಕೂತು, ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ನೀರು, ವಿಭೂತಿ, ಪತ್ರಿ, ಹೂವು ಏರಿಸಿ ಪೂಜೆ ಮುಗಿಸಬೇಕು. ಆಮೇಲೆಯೇ ಬಾಯಿಗೆ ತುತ್ತು. ನಾನು ಸೊಸೆಯಾಗಿ ಬಂದಾಗಿನಿಂದ ಅದು ತಪ್ಪಿದ್ದನ್ನು ನೋಡಿಲ್ಲ. ಗೂಡಿನಲ್ಲಿರುವ ದೇವರ ಪೂಜೆಯಾಗಿದ್ದರೆ ನಮ್ಮ ಯಜಮಾನರು ಲೋಕಲ್ ಟ್ರೇನ್ ಹಿಡಿಯುವ ಮೊದಲು ಎರಡು ಹೂವು ಏರಿಸಿ ಹೋಗಬಹುದಿತ್ತು. ಇದು ಹಾಗಲ್ಲ. ಅವರ ಲಿಂಗ, ಅವರ ಅಂಗೈ. ಬೇರೆ ಯಾರೂ ಅವರ ಪರವಾಗಿ ಮಾಡಲಾಗದು.

ಮಂಚದ ಮೇಲೆ ಕೂತು ಮಾಡಿ ಎಂದೆ. “ಮಲಗೂ ಹಾಸಿಗಿ ಮ್ಯಾಲ ಎಂಥಾ ಪೂಜಿ?” ಎಂದರು. ಊಟದ ಟೇಬಲ್ ತೋರಿಸಿದೆ. “ನೀವು ಉಂಡು ಎದ್ದ ಜಾಗಾ ಅದು,” ಎಂದರು. ಒಂದು ದಿನ ಕುರ್ಚಿಯಲ್ಲಿ ಕೂರಿಸಿ ತೊಡೆಯ ಮೇಲೆ ತಟ್ಟೆ ಇಟ್ಟೆ. ತಂಬಿಗೆ ವಾಲಿ ನೀರೆಲ್ಲ ಮಂಡಿಯ ಬ್ಯಾಂಡೇಜಿನ ಮೇಲೆ ಹೋಯಿತು. ಓಡಿಹೋಗಿ ಒಣಬಟ್ಟೆ ತಂದು ಒತ್ತಿದೆ. ಅವತ್ತಿನಿಂದ ಅವರು ಲಿಂಗವನ್ನು ಕಣ್ಣಿಗೆ ಒತ್ತಿಕೊಂಡು ಮತ್ತೆ ಕೊರಳಿನ ಕರಡಿಗೆಯಲ್ಲಿ ಇಟ್ಟುಬಿಡುತ್ತಿದ್ದರು. ಗುಳಿಗೆ ನುಂಗಲು ಒಂದು ಲೋಟ ಹಾಲು. ಆಮೇಲೆ ಮಧ್ಯಾಹ್ನ ಎರಡು ಗಂಟೆಗೆ ನಾನು ಬೈದರೆ ನಾಲ್ಕು ತುತ್ತು ಅನ್ನ.

“ಪೂಜಿ ಆಗಿಲ್ಲ, ಹಸಿವೂ ಆಗಂಗಿಲ್ಲವಾ. ನಾ ಏನ್ ಸುಳ್ಳ ಹೇಳಾಕತ್ತೀನಿ?”

ದಿನ ಬಿಟ್ಟು ದಿನ ವ್ಯಾಯಾಮ ಮಾಡಿಸಲು ಬರುತ್ತಿದ್ದ ಮರಾಠಿ ಹುಡುಗಿ ಮೂರನೆಯ ವಾರ ನನ್ನನ್ನು ಅಡುಗೆಮನೆಗೆ ಕರೆದಳು. “ಕಾಕೂ, ಆಜಿ ಜೇವತ್ ನಾಹೀತ್ ಕಾ?” ಅಜ್ಜಿ ಊಟ ಮಾಡುತ್ತಿಲ್ಲವೇ ಎಂದು ಅವಳಿಗೆ ಕಾಲು ಮುಟ್ಟಿದರೇ ತಿಳಿದಿತ್ತು. ತೊಡೆಯಲ್ಲಿ ಶಕ್ತಿಯೇ ಇಲ್ಲ, ಪಾದ ಹಿಂದಕ್ಕೆ ಎಳೆಯಲು ಹೇಳಿದರೆ ಅಳುತ್ತಾರೆ, ಈಗ ಮಂಡಿ ಮಡಚದಿದ್ದರೆ ಮುಂದೆ ಅದು ಮಡಚುವುದೇ ಇಲ್ಲ ಎಂದಳು. ಅಂದರೆ ಆಪರೇಷನ್ ಮಾಡಿಸಿಯೂ ಅತ್ತೆಯವರು ಕೋಲಿನಂತೆ ನೆಟ್ಟಗಿನ ಕಾಲಿನಲ್ಲಿ ಉಳಿದ ಆಯುಷ್ಯ ಕಳೆಯಬೇಕು. ನಾನು ಅವತ್ತೇ ನಿಶ್ಚಯಿಸಿದೆ. ಇವರಿಗೆ ಕುರ್ಚಿಯ ಎತ್ತರಕ್ಕೆ ಇವರದೇ ಒಂದು ಪೂಜೆಯ ಜಾಗ ಆಗಬೇಕು. ಪೂಜೆಯಾದರೇ ಊಟ, ಊಟವಾದರೇ ಕಾಲು.

ಯಜಮಾನರು ಪ್ಲೈವುಡ್ಡಿನ ಮಡಚುವ ಟೇಬಲ್ ತಂದರು. ಅತ್ತೆಯವರನ್ನು ಕೂರಿಸುವ ಮೊದಲು ನಾನೇ ಅದರ ಮೇಲೆ ದಿನವೂ ನೀರಿನ ತಂಬಿಗೆ ತಟ್ಟೆ ಇಟ್ಟು ನೋಡಿದೆ. ನಾಲ್ಕು ದಿನಕ್ಕೆ ಅಂಚು ನೀರು ಕುಡಿದು ನೆನೆಸಿದ ಅವಲಕ್ಕಿಯ ಹಾಗೆ ಉಬ್ಬಿತು.

ಕೆಳಗಿನ ಮನೆಯವರು ಉಡುಪಿ ಕಡೆಯವರು, ಅವರ ಯಜಮಾನರಿಗೆ ಹೋಟೆಲಿನಲ್ಲಿ ಕೆಲಸ. ಆಕೆ ಆ ಟೇಬಲ್ ನೋಡಿ ನಕ್ಕುಬಿಟ್ಟರು.

“ಮರ ಎಂತಕ್ಕೆ ಅಕ್ಕ? ನೀರಿನ ಕೆಲಸಕ್ಕೆ ಕಲ್ಲೇ ಆಗ್ಬೇಕು. ಕಟ್ ಪೀಸ್ ಸಿಗ್ತದಲ್ಲ ಶಹಾಡಿನ ಕಲ್ಲಿನ ಅಂಗಡಿಯಲ್ಲಿ. ನಮ್ಮ ಹೋಟೆಲಿಗೆ ಚಟ್ನಿ ರುಬ್ಬುವ ಮಿಶಿನ್ ಇಡ್ಲಿಕ್ಕೆ ಅಲ್ಲಿಂದಲೇ ತಂದದ್ದು.”

“ಹೋಟೆಲಿಗೆ ದೊಡ್ಡದು ಕೊಡ್ತಾರ. ನಮಗೊಂದು ತುಂಡು ಯಾರ ಕೊಡ್ತಾರ್ರೀ?”

“ತುಂಡೇ ಅಲ್ವಾ ಅವರಿಗೆ ತಲೆನೋವು! ನಾಳೆ ನಾನೂ ಬರ್ತೇನೆ, ನಡೀರಿ.”

ಅಳತೆ ತೆಗೆದುಕೊಳ್ಳುವುದೇ ಒಂದು ಪ್ರಸಂಗವಾಯಿತು. ಹಾಲ್‌ನಲ್ಲಿ ಕಪಾಟಿಗೂ ಬಾಲ್ಕನಿ ಬಾಗಿಲಿಗೂ ನಡುವೆ ಮೂವತ್ತನಾಲ್ಕು ಇಂಚು ಜಾಗವಿತ್ತು, ಮುಖ ಪೂರ್ವಕ್ಕೆ. ಅಲ್ಲಿ ಅತ್ತೆಯವರನ್ನು ಕುರ್ಚಿಯಲ್ಲಿ ಕೂರಿಸಿ, ಪೂಜೆಗೆ ಹಿಡಿಯುವ ಹಾಗೆ ಎಡಗೈ ಹಿಡಿಯಿರಿ ಎಂದೆ. ಮೊಣಕೈ ಊರಲು ಎಷ್ಟೆತ್ತರ ಬೇಕು, ಕೆಳಗೆ ಮಂಡಿಗೆ ಎಷ್ಟು ಜಾಗ ಬೇಕು ಎಂದು ಟೇಪು ಹಿಡಿದೆ.

“ಏನ್ ಅಳತಿ ತಗೊಳ್ತೀ? ಅಂಗಿ ಹೊಲಸ್ತಿ ಏನು ಈ ವಯಸ್ಸಿನಾಗ?”

“ಹೌದ್ ಅತ್ತಿ, ಕಲ್ಲಿನ ಅಂಗಿ.”

ಅವರು ನಗಲಿಲ್ಲ. ಕೈ ಮಾತ್ರ ಇಳಿಸದೆ ಹಿಡಿದಿದ್ದರು. ಅಷ್ಟೇ ಸಾಕು ಎಂದುಕೊಂಡೆ. ಇಪ್ಪತ್ತೆಂಟು ಇಂಚು ಎತ್ತರ ಎಂದು ಬರೆದುಕೊಂಡೆ.

ಶಹಾಡ್ ಸ್ಟೇಷನ್ನಿನಿಂದ ರಿಕ್ಷಾದಲ್ಲಿ ಸ್ವಲ್ಪ ದೂರ ಹೋದರೆ ಆ ಕಲ್ಲಿನ ಅಂಗಡಿ. ಮುಂದೆ ಗೋಡೆಯೆತ್ತರದ ಹಲಗೆಗಳು. ಹಿಂದೆ, ತಗಡಿನ ಕೆಳಗೆ, ಬಿಲ್ಡಿಂಗುಗಳ ಅಡುಗೆಕಟ್ಟೆಗೆ ಕೊಯ್ದು ಉಳಿದ ತುಂಡುಗಳು. ಎಲ್ಲವೂ ಅಂಚಿನ ಮೇಲೆ, ಪುಸ್ತಕದ ಹಾಗೆ ನಿಂತಿದ್ದವು. ಒಂದೂ ಮಲಗಿರಲಿಲ್ಲ. ಅದನ್ನು ನಾನು ಕಣ್ಣಾರೆ ನೋಡಿದೆ, ತಲೆಗೆ ಹೋಗಲಿಲ್ಲ. ಮಾಲೀಕರು ರಾಜಸ್ಥಾನದವರು, ಹಣೆಗೆ ಗಂಧ ಇಟ್ಟುಕೊಂಡಿದ್ದರು. ಪೂಜೆಗೆ ಬೇಕು ಎಂದೊಡನೆ ಎದ್ದುಬಂದರು.

ತುಂಡು ಪರೀಕ್ಷಿಸುವುದನ್ನು ಅವರೇ ಕಲಿಸಿಕೊಟ್ಟರು. ಬೆರಳಿನ ಉಂಗುರದಿಂದ ಬಡಿದರೆ ಟಣ್ ಎನ್ನಬೇಕು, ಬಿರುಕಿದ್ದರೆ ಒಡೆದ ಮಡಕೆಯ ಸದ್ದು ಬರುತ್ತದೆ. ಆಮೇಲೆ ಮೇಲೆ ನೀರು ಸುರಿದು ಒರೆಸಿ, ಒಣಗುವುದನ್ನು ಕಾಯಬೇಕು. ಎಲ್ಲ ಕಡೆ ಒಣಗಿದ ಮೇಲೂ ಕೂದಲಿನಷ್ಟು ಸಣ್ಣ ಗೆರೆಯೊಂದು ಒದ್ದೆಯಾಗಿಯೇ ಉಳಿದರೆ ಆ ಕಲ್ಲು ಬೇಡ. ಹೀಗೆ ಏಳೆಂಟು ತುಂಡು ನೋಡಿದೆವು.

ಕಾಲಿಗೆ, ಅಂದರೆ ಎರಡು ಬದಿಗೆ ನಿಲ್ಲಿಸಲು, ಅವರು ಕರಿ ಗ್ರಾನೈಟಿನ ಎರಡು ತುಂಡು ಎಳೆದರು. ಎರಡೂ ಇಪ್ಪತ್ತೇಳು ಇಂಚು ಉದ್ದ, ಹದಿನಾರು ಅಗಲ, ಒಂದೇ ಅಚ್ಚಿನವು. ಒಂದು ಬಿಲ್ಡಿಂಗಿನಲ್ಲಿ ಎಲ್ಲರ ಮನೆಗೂ ಒಂದೇ ಅಳತೆಯ ಸಿಂಕು ಕೂರಿಸುತ್ತಾರೆ, ಅದಕ್ಕಾಗಿ ಕಟ್ಟೆಯಿಂದ ಕತ್ತರಿಸಿ ತೆಗೆದದ್ದು ಇದು ಎಂದರು.

ನಾನು ಹಿಂದೆ ಸರಿದೆ. “ಸಿಂಕ್ ಕಾ? ನಹೀ ನಹೀ, ಪೂಜಾ ಕೇ ಲಿಯೇ ಚಾಹಿಯೇ.” ಮುಸುರೆ ತೊಳೆಯುವ ಜಾಗದ ಕಲ್ಲನ್ನು ಲಿಂಗದ ಕೆಳಗೆ ಹೇಗೆ ಇಡಲಿ?

“ಅರೇ ಭಾಭೀಜಿ, ಸಿಂಕ್ ತೋ ಉಧರ್ ಗಯಾ. ಯೇ ತೋ ಉಸ್ಕೋ ಜಗಹ್ ದೇಕೇ ಇಧರ್ ಆ ಗಯಾ!”

ಕೆಳಮನೆಯಾಕೆ ನನ್ನ ತೋಳು ತಿವಿದರು. “ಸರೀ ಹೇಳಿದ್ರು ನೋಡಿ ಅಕ್ಕ. ಸಿಂಕಿಗೆ ಜಾಗ ಬಿಟ್ಟುಕೊಟ್ಟು ಬಂದ ಕಲ್ಲು. ಒಂದು ಹನಿ ಮುಸುರೆ ಕಂಡದ್ದಿಲ್ಲ ಪಾಪ.”

ಯೋಚಿಸಿದರೆ ಅದು ನಿಜವೇ ಆಗಿತ್ತು. ಒಪ್ಪಿದೆ. ಮೇಲಿನ ಹಲಗೆಗೂ ಗ್ರಾನೈಟೇ ತೆಗೆದುಕೊಳ್ಳಿ ಎಂದು ಅವರು ಎರಡು ಸಲ ಹೇಳಿದರು. ನನ್ನ ಕಣ್ಣು ಒಂದು ಬಿಳಿ ಮಾರ್ಬಲ್ಲಿನ ಮೇಲೆ ನಿಂತುಬಿಟ್ಟಿತ್ತು. ವಿಭೂತಿಯಷ್ಟು ಬಿಳಿ, ಮುಖ ಕಾಣುವಷ್ಟು ಹೊಳಪು.

“ಮಾರ್ಬಲ್ ನಾಜೂಕ್ ಹೈ. ನಿಂಬೂ ಮತ್ ಲಗಾನಾ,” ಎಂದರು. ಮಾರ್ಬಲ್ ಸೂಕ್ಷ್ಮ, ನಿಂಬೆಹಣ್ಣು ತಾಗಿಸಬೇಡಿ ಎಂದು.

ನಮ್ಮ ಪೂಜೆಯಲ್ಲಿ ನಿಂಬೆಹಣ್ಣಿನ ಕೆಲಸವೇ ಇಲ್ಲ ಎಂದು ನಾನು ದೊಡ್ಡಸ್ತಿಕೆಯಿಂದ ಹೇಳಿದೆ. ಅಳತೆಗೆ ಕೊಯ್ಯಿಸಿ, ಮೂಲೆಗಳನ್ನು ಅತ್ತೆಯವರ ಸೊಂಟಕ್ಕೆ ಚುಚ್ಚದ ಹಾಗೆ ದುಂಡಗೆ ಮಾಡಿಸಿ ತೆಗೆದುಕೊಂಡೆವು. ಕಾಲಿನ ತುಂಡುಗಳನ್ನು ಆಮೇಲೆ ಕಳಿಸುತ್ತೇವೆಂದರು. ಬಿಳಿಯದನ್ನು ಬಿಟ್ಟುಬರಲು ನನಗೆ ಮನಸ್ಸಾಗಲಿಲ್ಲ.

ರಿಕ್ಷಾದವನು “ಖಡಾ ರಖೋ,” ನಿಲ್ಲಿಸಿ ಇಡಿ ಎಂದ. ನಿಲ್ಲಿಸಿದರೆ ಬೀಳುವುದಿಲ್ಲವೇ? ನಾವಿಬ್ಬರೂ ಹೆಂಗಸರು ಬುದ್ಧಿ ಉಪಯೋಗಿಸಿ, ಕೂಸನ್ನು ಮಲಗಿಸಿದ ಹಾಗೆ ಕಲ್ಲನ್ನು ಇಬ್ಬರ ತೊಡೆಯ ಮೇಲೂ ಅಡ್ಡಲಾಗಿ ಮಲಗಿಸಿಕೊಂಡೆವು. ಕಲ್ಯಾಣ ದಾಟುವಾಗ ರಿಕ್ಷಾ ಒಂದು ಗುಂಡಿಗೆ ಇಳಿದು ಎದ್ದಿತು. ದೊಡ್ಡ ಸದ್ದೇನೂ ಆಗಲಿಲ್ಲ. ಟಪ್. ಅರ್ಧ ನನ್ನ ತೊಡೆಯ ಮೇಲಿತ್ತು, ಅರ್ಧ ಅವರ ತೊಡೆಯ ಮೇಲೆ.

ಇಬ್ಬರೂ ತಂತಮ್ಮ ತುಂಡನ್ನು ಗಟ್ಟಿಯಾಗಿ ಹಿಡಿದುಕೊಂಡೆವು. ಆಮೇಲೆ ಆಕೆ, “ಆಸ್ತಿ ಪಾಲಾಯ್ತು ಅಕ್ಕ. ನನ್ನ ಪಾಲು ಸ್ವಲ್ಪ ದೊಡ್ಡದೇ ಬಂತು,” ಎಂದರು. ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಒಡೆದದ್ದು ಕಲ್ಲು, ನಮ್ಮ ಕಾಲಲ್ಲ, ಶಿವಾ ನಿನ್ನ ಪುಣ್ಯ ಎಂದು ಕೈಮುಗಿದೆ. ಎರಡೂ ತುಂಡನ್ನು ಬಾಲ್ಕನಿಯಲ್ಲಿಟ್ಟೆ. ಎಸೆಯಲು ಕೈ ಬರಲಿಲ್ಲ.

ಮತ್ತೆ ಹೋದೆ. ಅದೇ ಹಲಗೆಯಿಂದ ಕೊಯ್ದ ಇನ್ನೊಂದೇ ತುಂಡು ಉಳಿದಿತ್ತು, ಒಂದು ಬದಿಗೆ ಬೂದುಗೆರೆ ಇದ್ದದ್ದು. ಮಾಲೀಕರು ನಗಲಿಲ್ಲ, ಬೈಯಲಿಲ್ಲ. ಕಲ್ಲಿಗೆ ಮಲಗಿದರೆ ನಡು ಸೋಲುತ್ತದೆ, ನಿಂತರೆ ಬಲ ಎಂದು ಹಿಂದಿಯಲ್ಲಿ ತಿಳಿಸಿ ಹೇಳಿದರು. ಮರದ ಪಟ್ಟಿಗೆ ಗೋಣಿ ಸುತ್ತಿ, ಕಲ್ಲನ್ನು ನಿಲ್ಲಿಸಿ ಕಟ್ಟಿ, ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಗೆ ಹೊರಟಿದ್ದ ತಮ್ಮದೇ ಟೆಂಪೋದಲ್ಲಿ ಕಾಲಿನ ತುಂಡುಗಳ ಜೊತೆ ಕಳಿಸಿದರು. ಒಂದೂ ಮುಕ್ಕಾಗದೆ ಬಂತು.

ಗಾರೆಯವನು ಒಂದೇ ಮಧ್ಯಾಹ್ನದಲ್ಲಿ ಕೂರಿಸಿಕೊಟ್ಟ. ಕರಿಯ ಎರಡು ಕಾಲು ಗೋಡೆಗೆ ಕಬ್ಬಿಣದ ಪಟ್ಟಿಯಿಂದ ಹಿಡಿದು ನಿಂತವು. ಮೇಲೆ ಬಿಳಿ ಹಲಗೆ. ನೀರು ಗೋಡೆಗೆ ಇಳಿಯದ ಹಾಗೆ ಹಿಂದಿನ ಸಂದಿಗೆ ಬಿಳಿ ಸಿಮೆಂಟ್ ತುಂಬಿದ. ಎರಡು ದಿನ ಮುಟ್ಟಬೇಡಿ ಎಂದ. ಎರಡು ದಿನ ಕಳೆದು ಬೆಳಗಾದರೆ ಸೋಮವಾರ! ನಾನೇ ಮುಹೂರ್ತ ಇಟ್ಟಿದ್ದರೂ ಅಷ್ಟು ಚೆನ್ನಾಗಿ ಕೂಡುತ್ತಿರಲಿಲ್ಲ. ಅತ್ತೆಯವರು ಮಂಚದಿಂದಲೇ ನೋಡಿದರು. “ಬಾಳ ಬೆಳ್ಳಗೈತಿ,” ಎಂದಷ್ಟೇ ಹೇಳಿ ಗೋಡೆಯ ಕಡೆ ಹೊರಳಿದರು. ಆದರೆ ಆ ಸಂಜೆ ಕಪಾಟಿನಿಂದ ತಮ್ಮ ಪೂಜೆಯ ಮಡಿ ಸೀರೆ ತೆಗೆದಿಡು ಎಂದು ತಾವಾಗಿ ಕೇಳಿದರು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ರವಿವಾರ ಮಧ್ಯಾಹ್ನ, ಗಾರೆಯವನು ಹೇಳಿದ ಎರಡು ದಿನ ಮುಗಿದೊಡನೆ, ಪೂಜೆಯ ತಾಮ್ರದ ತಂಬಿಗೆ, ತಟ್ಟೆ, ಹಿತ್ತಾಳೆಯ ಆರತಿ ಎಲ್ಲ ಹೊರಗೆ ತೆಗೆದೆ. ಒಂದು ತಿಂಗಳಿಂದ ತಿಕ್ಕದೆ ಕಪ್ಪಗಾಗಿದ್ದವು. ನಮ್ಮ ಮನೆಗಳಲ್ಲಿ ಇದಕ್ಕೆಲ್ಲ ಒಂದೇ ಔಷಧ, ಹುಣಸೆಹಣ್ಣು ಮತ್ತು ಉಪ್ಪು. ಸಿಂಕಿನಲ್ಲಿ ಮುಸುರೆ ಪಾತ್ರೆ ಇದ್ದವು, ಪೂಜೆಯ ಸಾಮಾನು ಅಲ್ಲಿ ತಿಕ್ಕಬಾರದು. ಹೊಸ ಕಲ್ಲಿದೆಯಲ್ಲ, ಶುದ್ಧವಾದ ಜಾಗ. ಅದರ ಮೇಲೇ ಇಟ್ಟು, ಹುಣಸೆಹಣ್ಣು ಹಚ್ಚಿ, ಶಿವನಾಮ ಹೇಳುತ್ತಾ ತಿಕ್ಕಿದೆ. ಹುಳಿ ಚೆನ್ನಾಗಿ ಹಿಡಿಯಲಿ ಎಂದು ಹಾಗೇ ಬಿಟ್ಟು ಚಹಾ ಕುಡಿದು ಬಂದೆ.

ತೊಳೆದ ತಂಬಿಗೆ ಹೊಸದರ ಹಾಗೆ ಮಿಂಚಿತು. ಕಲ್ಲನ್ನು ಒರೆಸಿದರೆ ಮೂರು ಬಳೆಗಳು ಮೂಡಿದ್ದವು. ತಂಬಿಗೆಯದೊಂದು, ತಟ್ಟೆಯದೊಂದು, ಆರತಿಯದೊಂದು. ಸುತ್ತಲೂ ಹನಿ ಬಿದ್ದಲ್ಲೆಲ್ಲ ಮಂಕು ಚುಕ್ಕೆ. ಸೋಪು ಹಾಕಿದೆ, ಹೋಗಲಿಲ್ಲ. ಉಗುರಿನಿಂದ ಕೆರೆದೆ, ಹೋಗಲಿಲ್ಲ. ಅದು ಕಲೆಯಲ್ಲ, ಹುಳಿ ಕಲ್ಲಿನ ಮೈಯನ್ನೇ ತಿಂದಿತ್ತು.

ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅತ್ತೆಯವರು ವಾಕರ್ ಹಿಡಿದು ಬಂದು ನೋಡಿದರು.

“ನನ್ನ ಸಲುವಾಗಿ ಏನೂ ಬ್ಯಾಡಂತ ಮೊದಲ ಹೇಳಿದ್ದೆ. ಆ ಶಿವಗೂ ಬ್ಯಾಡಾಗೈತಿ ಅಂತ ಕಾಣ್ತದ.”

ಸೋಮವಾರ ಮಡಿ ಸೀರೆ ಮಡಿಚಿದ ಹಾಗೇ ಇತ್ತು. ಅವರು ಒಂದು ಲೋಟ ಹಾಲು ಕುಡಿದು ಮಲಗಿದರು. ಮಧ್ಯಾಹ್ನ ನಾನು ಬೈಯಲೂ ಇಲ್ಲ. ಬೈಯುವ ಮುಖ ಉಳಿದಿರಲಿಲ್ಲ.

ಕಲ್ಲಿನ ಫೋಟೋ ತೆಗೆದು ಅಂಗಡಿಯ ಮಾಲೀಕರಿಗೆ ಕಳಿಸಿದೆ. ತಕ್ಷಣ ಫೋನ್ ಬಂತು.

“ನಿಂಬೂ ಲಗಾಯಾ ನಾ?”

“ನಹೀ ಭಾಯಿಸಾಬ್. ಇಮ್ಲೀ.”

“ಇಮ್ಲೀ ತೋ ನಿಂಬೂ ಕೀ ಬಡೀ ಬಹನ್ ಹೈ, ಭಾಭೀಜಿ!” ಹುಣಸೆ ನಿಂಬೆಯ ಅಕ್ಕ ಎಂದು ಅಂಗಡಿಯಲ್ಲಿದ್ದವರೆಲ್ಲ ನಕ್ಕದ್ದು ಕೇಳಿಸಿತು. ನನಗೂ ನಗು ಬಂತು, ಆ ದಿನದ ಮೊದಲ ನಗು.

ದಾರಿ ಎರಡು ಎಂದರು. ಮಿಶಿನ್ ತಂದು ಪಾಲಿಶ್ ಮಾಡಿದರೆ ಹೊಳಪು ಮರಳುತ್ತದೆ, ಆದರೆ ಮನೆ ತುಂಬ ಸದ್ದು, ರಾಡಿ, ಧೂಳು. ಆಪರೇಷನ್ ಆದವರಿರುವ ಮನೆಯಲ್ಲಿ ಬೇಡ. ಇಲ್ಲವೇ ನೀರು ಹಾಕಿಕೊಂಡು ಪಾಲಿಶ್ ಕಾಗದದಿಂದ ಕೈಯಲ್ಲೇ ಉಜ್ಜಬೇಕು. ಮೊದಲು ಇನ್ನೂರ ಇಪ್ಪತ್ತು ನಂಬರಿನ ಒರಟು ಕಾಗದ, ಆಮೇಲೆ ನಾನೂರು, ಆಮೇಲೆ ಆರುನೂರು. ಕಲೆ ಇದ್ದಲ್ಲಿ ಮಾತ್ರ ಉಜ್ಜಿದರೆ ತಗ್ಗು ಬೀಳುತ್ತದೆ, ಇಡೀ ಹಲಗೆಯನ್ನೇ ಸಮನಾಗಿ ಉಜ್ಜಬೇಕು. ಕಲೆ ಹೋಗುತ್ತದೆ, ಹೊಳಪೂ ಹೋಗುತ್ತದೆ.

ಆ ಹೊಳಪಿಗಾಗಿಯೇ ಅಲ್ಲವೇ ನಾನು ಅವರ ಮಾತು ಮೀರಿ ಮಾರ್ಬಲ್ ತಂದದ್ದು? ದೇವರ ಗೂಡಿನ ಮುಂದೆ ನಿಂತು ಒಂದು ನಿಮಿಷ ಯೋಚಿಸಿದೆ. ಶಿವನು ಹೊಳಪು ಕೇಳಿದ್ದನೇ? ಬೂದಿ ಬಳಿದುಕೊಂಡವನು ಅವನು. ಕೇಳಿದ್ದು ನನ್ನ ಕಣ್ಣು. ಹೋಗಲಿ ಹೊಳಪು ಎಂದು ಹಾರ್ಡ್‌ವೇರ್ ಅಂಗಡಿಯಿಂದ ಮೂರೂ ನಂಬರಿನ ಕಾಗದ ತಂದೆ. ಮೊದಲು ಬಾಲ್ಕನಿಯಲ್ಲಿದ್ದ ಒಡೆದ ತುಂಡಿನ ಮೇಲೆ ಹುಣಸೆಹಣ್ಣು ಹಚ್ಚಿ ಕಲೆ ಮಾಡಿ, ಅದನ್ನು ಉಜ್ಜಿ ಕೈ ಪಳಗಿಸಿಕೊಂಡೆ. ಎಸೆಯದೆ ಇಟ್ಟದ್ದು ಹೀಗೆ ಕೆಲಸಕ್ಕೆ ಬಂತು.

ಮಂಗಳವಾರ ಬೆಳಿಗ್ಗೆ ಹಲಗೆಗೆ ಕೈ ಹಚ್ಚಿದೆ. ನೀರು ಚಿಮುಕಿಸಿ, ಕಾಗದವನ್ನು ಮರದ ತುಂಡಿಗೆ ಸುತ್ತಿ ಉಜ್ಜತೊಡಗಿದೆ. ಹಾಲಿನಂಥ ನೀರು ಬಿಡುತ್ತಿತ್ತು. ಹತ್ತು ನಿಮಿಷಕ್ಕೆ ಭುಜ ಸೋತಿತು. ಮಂಚದಿಂದ ದನಿ ಬಂತು.

“ಏನ್ ಹಂಗ ಗುದ್ದಾಡ್ತಿ? ಬಾಂಡೆ ತಿಕ್ಕಾಕತ್ತೀ ಏನು?”

“ಮತ್ತ ಹೆಂಗ ತಿಕ್ಕಲಿ ಅತ್ತಿ?”

“ಗಂಧ ತೇಯ್ದಂಗ ತೇಯಬೇಕು. ಸುತ್ತ, ಹಗೂರಕ. ಭಾರ ಹಾಕಬಾರದು.”

“ನನಗ ಬರಂಗಿಲ್ಲ. ನೀವ ತೋರಸ್ರಿ.”

ಅದನ್ನು ನಾನು ಯೋಚಿಸಿ ಹೇಳಲಿಲ್ಲ, ಸಿಟ್ಟಿನಲ್ಲೇ ಹೇಳಿದ್ದು. ಆದರೆ ಅವರು ಎದ್ದು ಬಂದು ಕುರ್ಚಿಯಲ್ಲಿ ಕೂತರು. ನನ್ನ ಕೈಯಿಂದ ಕಾಗದ ಕಸಿದುಕೊಂಡರು. ಐವತ್ತು ವರ್ಷ ಗಂಧ ತೇಯ್ದ ಕೈ ಅದು. ದುಂಡಗೆ, ಒಂದೇ ಲಯದಲ್ಲಿ ತಿರುಗತೊಡಗಿತು. ನಾನು ನೀರು ಹಾಕುವವಳಾದೆ.

ಅವತ್ತು ವ್ಯಾಯಾಮದ ಹುಡುಗಿ ಬಂದಾಗ ಅತ್ತೆಯವರು ಹಲಗೆಯ ದೂರದ ಅಂಚನ್ನು ಉಜ್ಜುತ್ತಿದ್ದರು. ಹುಡುಗಿ ಬಾಗಿಲಲ್ಲೇ ನಿಂತು ಕೆಳಗೆ ಬೆರಳು ತೋರಿಸಿದಳು. ಮುಂದಕ್ಕೆ ಬಾಗಿದಾಗಲೆಲ್ಲ ಅತ್ತೆಯವರ ಬಲಪಾದ ತಾನಾಗಿಯೇ ಕುರ್ಚಿಯ ಕೆಳಗೆ ಹಿಂದಕ್ಕೆ ಜಾರುತ್ತಿತ್ತು. ಮಂಡಿ ಮಡಚುತ್ತಿತ್ತು. ಯಾವುದಕ್ಕೆ ಇಷ್ಟು ದಿನ ಅತ್ತಿದ್ದರೋ ಅದನ್ನು ಮಾಡುತ್ತಿರುವುದು ಅವರಿಗೆ ತಿಳಿದೇ ಇರಲಿಲ್ಲ. ನಾನು ಸೆರಗು ಬಾಯಿಗೆ ಒತ್ತಿಕೊಂಡೆ.

ಮೂರು ದಿನ ಉಜ್ಜಿದೆವು, ದಿನಕ್ಕೊಂದು ನಂಬರು. ಗುರುವಾರ ಸಂಜೆ ತೊಳೆದು ಒರೆಸಿದಾಗ ಕಲ್ಲಿನಲ್ಲಿ ಮುಖ ಕಾಣುತ್ತಿರಲಿಲ್ಲ. ವಿಭೂತಿಯ ಗಟ್ಟಿಯ ಹಾಗೆ ಮೆತ್ತಗಿನ ಬಿಳುಪು, ಕೈ ಇಟ್ಟರೆ ಜಾರದು. ಚುಕ್ಕೆಗಳು ಹೋಗಿದ್ದವು. ತಟ್ಟೆಯ ಬಳೆ ಹೋಗಿತ್ತು, ಆರತಿಯದೂ ಹೋಗಿತ್ತು. ತಂಬಿಗೆಯದು ಮಾತ್ರ ಆಳವಾಗಿ ಕೂತಿತ್ತು. ಇನ್ನೊಂದು ದಿನ ಉಜ್ಜೋಣ, ಸೋಮವಾರ ಪೂಜೆ ಮಾಡಿದರಾಯಿತು ಎಂದೆ.

“ಸೋಮವಾರ ಒಂದ ಇರತಾನೇನು ಶಿವಾ? ಶುಕ್ರವಾರ ಊರಿಗೆ ಹೋಗಿರತಾನೇನು?” ಎಂದರು ಅತ್ತೆಯವರು.

ಶುಕ್ರವಾರ ಬೆಳಿಗ್ಗೆ ಮಡಿ ಸೀರೆ ಉಟ್ಟು ಕುರ್ಚಿಯಲ್ಲಿ ಕೂತರು. ಎರಡು ಸಿಂಕಿನ ಕಲ್ಲುಗಳ ನಡುವೆ ಅವರ ಮಂಡಿಗಳು ಸರಿಯಾಗಿ ಒಳಗೆ ಹೋದವು. ತಂಬಿಗೆಯನ್ನು ನಾನು ಬಲಕ್ಕೆ ಇಟ್ಟೆ. ಅವರು ಅದನ್ನು ಎತ್ತಿ, ಉಳಿದಿದ್ದ ಆ ಬಳೆಯೊಳಗೆ ಸರಿಯಾಗಿ ಕೂರಿಸಿ, “ಇದರ ಜಾಗಾ ಇದು,” ಎಂದರು. ಮೊಣಕೈ ಕಲ್ಲಿನ ಮೇಲೆ ಊರಿತು. ಅಂಗೈಯಲ್ಲಿ ಲಿಂಗ. ನಾನು ಅಡುಗೆಮನೆಗೆ ಬಂದುಬಿಟ್ಟೆ. ಅದು ಅವರಿಬ್ಬರ ಹೊತ್ತು.

ಎಷ್ಟೋ ಹೊತ್ತಿನ ಮೇಲೆ ಗಂಟೆಯ ಸದ್ದು ಕೇಳಿತು, ಆಮೇಲೆ ಕುರ್ಚಿ ಸರಿದ ಸದ್ದು.

“ಏನವಾ, ರೊಟ್ಟಿ ಬಡದೀಯೇನು?”

“ಇನ್ನೂ ಇಲ್ಲ ಅತ್ತಿ. ಹಾಲು ಕಾಸೀನಿ.”

“ಹಾಲು ನಿನ್ನ ಗಂಡಗ ಕೊಡು. ನನಗ ಹೊಟ್ಟಿ ಹಸದೈತಿ.”

ಅವಸರದಲ್ಲಿ ಹಿಟ್ಟು ಕಲಸಿದೆ, ಮೊದಲ ರೊಟ್ಟಿ ಅಂಚು ಬಿರಿದು ಸೊಟ್ಟಗಾಯಿತು. ಅದನ್ನೇ ಹಾಕಿ, ಮೇಲೆ ಬೆಣ್ಣೆ ಇಟ್ಟು ಕೊಟ್ಟೆ. ಎರಡನೆಯದು ಹಂಚಿನ ಮೇಲೆ ಉಬ್ಬುವ ಮೊದಲೇ ತಟ್ಟೆ ಖಾಲಿಯಾಗಿತ್ತು.